ತವರಿನ ನೀರು

ಧಾರವಾಡದಿಂದ ಕಲಘಟಗಿ ರಸ್ತೆ ಹಿಡಿದು ಹೊರಟರೆ, ಊರು ಮುಗಿಯುವ ಹೊತ್ತಿಗೆ ಸೋಮೇಶ್ವರ ದೇವಸ್ಥಾನ ಸಿಗುತ್ತದೆ. ಹಳೆಯ ಕಲ್ಲಿನ ಗುಡಿ. ಪಕ್ಕದಲ್ಲಿ ಹೊಂಡ. ಇಲ್ಲೇ ಶಾಲ್ಮಲೆ ಹುಟ್ಟುತ್ತಾಳೆ. ಬೇಸಿಗೆಯಲ್ಲಿ ಬಂದವರಿಗೆ ಇದೊಂದು ನದಿ ಅಂದರೆ ನಂಬಿಕೆ ಬರುವುದಿಲ್ಲ. ಅಷ್ಟು ಸಣ್ಣ ನೀರು. ಆಕೆ ಗುಪ್ತಗಾಮಿನಿ, ನೆಲದೊಳಗೆ ಹರಿದು ಹೋಗುತ್ತಾಳೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು.

ನಾನು ಸಣ್ಣವಳಿದ್ದಾಗ ತಮ್ಮನಿಗೆ ಜ್ವರ ಬಂತು. ಎರಡು ವಾರ ಕಳೆದರೂ ಬಿಡಲಿಲ್ಲ. ಔಷಧ ನಡೆದೇ ಇತ್ತು. ಅವ್ವ ಒಂದು ಸೋಮವಾರ ಸೋಮೇಶ್ವರಕ್ಕೆ ಹೋಗಿ, ಹೊಂಡದ ಮೆಟ್ಟಿಲ ಮೇಲೆ ಕೂತು ಹರಕೆ ಹೊತ್ತಳು. "ಹುಡುಗ ಎದ್ದು ಕುಂತ್ರ, ತವರಿನ ನೀರು ತಗೊಂಡು ಹೋಗಿ ಗಂಗವ್ವನ ಉಡಿ ತುಂಬತೇನಿ."

ಯಾವ ಗಂಗವ್ವ ಅಂತ ನನಗೆ ಆಗ ತಿಳಿಯಲಿಲ್ಲ. ಅವ್ವನಿಗೆ ಚೆನ್ನಾಗಿ ಗೊತ್ತಿತ್ತು. ಈ ಶಾಲ್ಮಲೆ ಕಲಘಟಗಿ ಸೀಮೆಗೆ ಹೋಗಿ, ಹುಬ್ಬಳ್ಳಿ ಕಡೆಯಿಂದ ಬರುವ ಬೇಡ್ತಿಯನ್ನು ಕೂಡುತ್ತಾಳೆ. ಆಮೇಲೆ ಕಾಡು ಹೊಗುತ್ತಾಳೆ. ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಸುಮಾರು 200 ಮೀಟರ್ ಕೆಳಗೆ ಧುಮುಕುತ್ತಾಳೆ. ಘಟ್ಟ ಇಳಿದ ಮೇಲೆ ಅವಳ ಹೆಸರು ಗಂಗಾವಳಿ. ಅಂಕೋಲಾಕ್ಕೂ ಗೋಕರ್ಣಕ್ಕೂ ನಡುವೆ ಸಮುದ್ರ ಸೇರುತ್ತಾಳೆ. ಅಲ್ಲೇ ಗಂಗಾವಳಿ ಅನ್ನುವ ಹಳ್ಳಿ, ಅಲ್ಲೇ ಗಂಗಾದೇವಿಯ ಗುಡಿ. ಪ್ರತಿ ವರ್ಷ ದೀಪಾವಳಿ ಹೊತ್ತಿಗೆ ಈ ಗಂಗೆಗೂ ಗೋಕರ್ಣದ ಮಹಾಬಲೇಶ್ವರನಿಗೂ ಮದುವೆ ಮಾಡುತ್ತಾರೆ. ಗಂಗಾಷ್ಟಮಿಗೆ ನಿಶ್ಚಯ, ನರಕ ಚತುರ್ದಶಿಗೆ ಮದುವೆ. ಅದೂ ಕಡಲ ದಂಡೆಯಲ್ಲಿ.

ಈಗ ಯೋಚನೆ ಮಾಡಿ. ಮದುಮಗಳು ಹುಟ್ಟಿದ್ದು ಧಾರವಾಡದ ಕಲ್ಲಿನ ಹೊಂಡದಲ್ಲಿ. ಅಂದರೆ ಗೋಕರ್ಣಕ್ಕೆ ನಾವು ಯಾರು? ಹೆಣ್ಣಿನ ಕಡೆಯವರು. ಅವ್ವ ಇದನ್ನು ಯಾವ ಪುರಾಣದಿಂದಲೂ ಕಲಿತವಳಲ್ಲ. "ನಮ್ಮ ನೀರು ಅಲ್ಲಿಗ ಹೋಗತೈತಿ, ನಾವು ಹೋಗಂಗಿಲ್ಲಂದ್ರ ಹೆಂಗ?" ಅಂತ ಕೇಳುತ್ತಿದ್ದಳು, ಅಷ್ಟೇ. ನಮ್ಮ ಕಡೆಯಿಂದ ಕರಾವಳಿಗೆ ಹೋಗುವವರು ಯಾರಾದರೂ ದಾರಿ ಕೇಳಿದರೆ, ನಾನು ಅದಕ್ಕೇ ಮೊದಲು ಸೋಮೇಶ್ವರಕ್ಕೆ ಹೋಗಿ ಅನ್ನುತ್ತೇನೆ. ಬೀಚು, ಲಾಡ್ಜು ಎಲ್ಲ ಆಮೇಲೆ.

ತಮ್ಮ ಎದ್ದು ಕೂತ. ಆ ಕಾರ್ತಿಕದಲ್ಲೇ ಹೊರಟೆವು. ತಾಮ್ರದ ತಂಬಿಗೆಯಲ್ಲಿ ಹೊಂಡದ ನೀರು, ಬಾಯಿಗೆ ಬಾಳೆ ಎಲೆ ಮುಚ್ಚಿ ದಾರ ಕಟ್ಟಿದ್ದು. ಒಂದು ಗಂಟಿನಲ್ಲಿ ಹಸಿರು ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ, ಹಸಿರು ಬಳೆ. ಇನ್ನೊಂದರಲ್ಲಿ ಬುತ್ತಿ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮೊಸರು. ಮಗಳ ಮನೆಗೆ ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ ಅಲ್ವಾ.

ಹೊರಡುವ ಹಿಂದಿನ ಸಂಜೆ ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಕೂತಿದ್ದೆವು. ದೂರ ಪ್ರಯಾಣಕ್ಕೆ ಮುಂಚೆ ಅಜ್ಜನಿಗೆ, ಅಂದರೆ ಸಿದ್ಧಾರೂಢರಿಗೆ, ಹೇಳಿ ಹೋಗುವುದು ನಮ್ಮ ಮನೆಯ ರೂಢಿ. ಆರೂಢರು 1929ರಲ್ಲಿ ದೇಹ ಬಿಟ್ಟರು. ಆದರೂ ಮಠದಲ್ಲಿ ಕೂತವರು ಅವರು ಒಳಗಿನ ಕೋಣೆಯಲ್ಲಿದ್ದಾರೆ ಅನ್ನುವ ಹಾಗೆ ಮೆಲ್ಲಗೆ ಮಾತಾಡುತ್ತಾರೆ. ಹೊರಗಿನಿಂದ ಬರುವವರಿಗೆ ನಾನು ಹೇಳುವುದು ಇಷ್ಟು. ಒಂದು ರಾತ್ರಿ ಹುಬ್ಬಳ್ಳಿಯಲ್ಲಿ ಉಳಿಯಿರಿ. ಸಂಜೆ ಮಠದಲ್ಲಿ ಸುಮ್ನೆ ಕೂತುಕೊಳ್ಳಿ. 'ಓಂ ನಮಃ ಶಿವಾಯ' ಕಿವಿಗೆ ಬೀಳುತ್ತಿರಲಿ. ದಾಸೋಹದಲ್ಲಿ ಊಟ ಮಾಡಿ. ರೈಲಿನಲ್ಲಿ ಬಂದವರು ಅಜ್ಜನ ಹೆಸರಿನ ನಿಲ್ದಾಣದಲ್ಲೇ ಇಳಿಯುತ್ತೀರಿ. 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮು ಅಲ್ಲೇ ಇರುವುದು, ವಯಸ್ಸಾದವರು ಜೊತೆಗಿದ್ದರೆ ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ಬೆಳಿಗ್ಗೆ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಸೋಮೇಶ್ವರ ನೋಡಿ ಬರಬಹುದು. ದಾರಿಯಲ್ಲಿ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ. ಅಲ್ಲಿ ನಾಲ್ಕು ಮುಖದ ಲಿಂಗ ಇದೆ. ಮನೆಗಳ ನಡುವೆ ಅಡಗಿರುವ ಗುಡಿ ಅದು, ಹುಡುಕಿ ಹೋಗಬೇಕು.

ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ರೈಲು ಇಲ್ಲ. ರಸ್ತೆಯೇ ಗತಿ. ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಅಲ್ಲಿಂದ ಕುಮಟಾ ಕಡೆ ತಿರುಗಿ, ಮಾದನಗೇರಿಯಲ್ಲಿ ಬಲಕ್ಕೆ ಹೊರಳಿದರೆ ಗೋಕರ್ಣ. ಬಸ್ಸಾದರೆ ನಾಲ್ಕು ತಾಸು ಇಟ್ಟುಕೊಳ್ಳಿ. ಲಾರಿ ಜಾಸ್ತಿ ಇದ್ದರೆ ಇನ್ನೂ ತಡ. ಘಟ್ಟದ ತಿರುವಿನಲ್ಲಿ ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ. ಯಲ್ಲಾಪುರದಲ್ಲಿ ಇಳಿದು ಅರ್ಧ ತಾಸು ಕೂತು, ಹಗುರವಾಗಿ ತಿಂದು ಮುಂದೆ ಹೋಗಿ. ರಾತ್ರಿ ಹೊತ್ತು ಈ ಘಟ್ಟ ಇಳಿಯುವುದು ಬೇಡವೇ ಬೇಡ.

ಮಳೆಗಾಲದ ಮಾತು ಬೇರೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ, ಇದೇ ಗಂಗಾವಳಿಯ ಒಳಗೆ ಬಿತ್ತು. ರಸ್ತೆ ಬದಿ ಚಹಾ ಕುಡಿಯುತ್ತಿದ್ದವರು, ಲಾರಿ ನಿಲ್ಲಿಸಿಕೊಂಡವರು ಹೋದರು. ಎಷ್ಟೋ ವಾರ ನದಿಯಲ್ಲಿ ಹುಡುಕಾಟ ನಡೆಯಿತು. ಆ ದಿನಗಳಲ್ಲಿ ಅವ್ವ ದೇವರ ಮುಂದೆ ದೀಪ ಹಚ್ಚಿ ಕೂತರೆ ಏಳುತ್ತಿರಲಿಲ್ಲ. "ಅವರನ್ನ ಮನಿಗೆ ಕಳಸಿಕೊಡು ತಾಯಿ" ಅನ್ನುತ್ತಿದ್ದಳು. ಆಷಾಢ, ಶ್ರಾವಣದಲ್ಲಿ ಆ ಕಡೆ ಹೋಗಬೇಡಿ. ಹೊಂಡ ತುಂಬಿರುವ ಆ ಹೊತ್ತಿನಲ್ಲಿ ಸೋಮೇಶ್ವರದಲ್ಲೇ ಶಾಲ್ಮಲೆಯನ್ನು ನೋಡಬಹುದು. ಕಡಲಿಗೆ ಹೋಗಲು ಕಾರ್ತಿಕ ಒಳ್ಳೆಯದು.

ಮೊದಲ ಸಲ ನಾವು ಗೋಕರ್ಣ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಬಾಗಿಲು ಹಾಕಿತ್ತು. ಬಿಸಿಲಿನಲ್ಲಿ ನಾಲ್ಕು ತಾಸು ಕಾದೆವು. ಬಾಗಿಲು ತೆರೆದ ಮೇಲೆ ಪ್ಯಾಂಟು ಹಾಕಿದ್ದ ಅಪ್ಪನನ್ನು ಒಳಗೆ ಬಿಡಲಿಲ್ಲ. ಪಂಚೆ ಉಟ್ಟು, ಅಂಗಿ ತೆಗೆದು ಹೋಗಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ. ಅಪ್ಪ ಅಂಗಡಿಗೆ ಓಡಿ ಪಂಚೆ ತಂದ. ಅದೇ ಪಂಚೆಯನ್ನು ಮುಂದೆ ಹನ್ನೆರಡು ವರ್ಷ ಗೋಕರ್ಣಕ್ಕೆ ಅಂತಲೇ ಮಡಿಸಿ ಇಟ್ಟಿದ್ದ. ಹೀಗಾಗಿ ಬೆಳಿಗ್ಗೆ ಬೇಗ ಹೋಗಿ, ಪಂಚೆ ಜೊತೆಗಿರಲಿ. ಹೆಣ್ಣುಮಕ್ಕಳಿಗೆ ಸೀರೆ ಅಥವಾ ಚೂಡಿದಾರ.

ಅಲ್ಲಿ ಒಂದು ಕ್ರಮ ಇದೆ. ಮೊದಲು ಸಮುದ್ರ ಸ್ನಾನ, ಆಮೇಲೆ ಕೋಟಿತೀರ್ಥ, ಆಮೇಲೆ ಮಹಾಗಣಪತಿ, ಕೊನೆಗೆ ಮಹಾಬಲೇಶ್ವರ. ಗಣಪತಿಯನ್ನು ಬಿಟ್ಟು ಮುಂದೆ ಹೋಗಬೇಡಿ. ರಾವಣನ ಕೈಯಿಂದ ಆತ್ಮಲಿಂಗ ಇಸಿದುಕೊಂಡು ನೆಲಕ್ಕಿಟ್ಟವನು ಅವನೇ. ಒಳಗೆ ದೊಡ್ಡ ಲಿಂಗ ಕಾಣುತ್ತದೆ ಅಂತ ಕಾಯಬೇಡಿ. ಪೀಠದ ನಡುವೆ ಒಂದು ಸಣ್ಣ ರಂಧ್ರ. ಬೆರಳು ಇಳಿಸಿದರೆ ತುದಿ ತಾಗುತ್ತದೆ. ಅಷ್ಟು ದೂರ ಬಂದು ಬೆರಳ ತುದಿಯಷ್ಟು ಸಿಕ್ಕಿತು. ಅವ್ವ ಆ ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೇ ಹೊರಗೆ ಬಂದಳು. ಸಂಜೆಯವರೆಗೆ ಆ ಕೈ ತೊಳೆಯಲಿಲ್ಲ.

ಸಮುದ್ರ ಸ್ನಾನದ ಬಗ್ಗೆ ಕೈಮುಗಿದು ಒಂದು ಮಾತು. ನಾವು ಬಯಲು ಸೀಮೆಯವರು. ನಮಗೆ ಕೆರೆ ಗೊತ್ತು, ಕಡಲು ಗೊತ್ತಿಲ್ಲ. ಮೊಣಕಾಲು ಮುಳುಗುವಷ್ಟು ನೀರು ಸಾಕು, ತಂಬಿಗೆಯಿಂದ ತಲೆಗೆ ಹಾಕಿಕೊಂಡರೂ ಸ್ನಾನವೇ. ಕುಡ್ಲೆ, ಓಂ ಬೀಚಿನಲ್ಲಿ ಬಂಡೆ ಹತ್ತಿ ಅಲೆಗೆ ಬೆನ್ನು ಮಾಡಿ ಫೋಟೋ ತೆಗೆಸಿಕೊಳ್ಳಬೇಡಿ. ಜೀವರಕ್ಷಕರು ಬೇಡ ಅಂದ ಕಡೆ ಇಳಿಯಬೇಡಿ. ನಮ್ಮ ಕಡೆಯ ಎಷ್ಟೋ ಹುಡುಗರು ಈ ದಂಡೆಗಳಲ್ಲಿ ಉಳಿದುಹೋಗಿದ್ದಾರೆ. ಮುರುಡೇಶ್ವರಕ್ಕೂ ಇದೇ ಮಾತು. 123 ಅಡಿಯ ಶಿವನನ್ನು ಕಣ್ಣ ತುಂಬ ನೋಡಿ. ಅಲೆಯ ಜೊತೆ ಆಟ ಬೇಡ.

ಗೋಕರ್ಣದಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಗಂಗಾವಳಿ. ಇಲ್ಲಿಗೆ ಬರುವ ಪ್ರವಾಸಿಗರು ಕಡಿಮೆ. ತೆಂಗು, ಮೀನಿನ ಬಲೆ, ಅಗಲವಾದ ನದಿ, ಆಚೆ ದಡದಲ್ಲಿ ಮಂಜಗುಣಿ. ಅವ್ವ ಗುಡಿಯಲ್ಲಿ ಉಡಿ ಕೊಟ್ಟಳು. ಆಮೇಲೆ ನದಿಯ ಅಂಚಿಗೆ ಹೋಗಿ ಬಾಳೆ ಎಲೆ ಬಿಚ್ಚಿ, ಸೋಮೇಶ್ವರದ ನೀರನ್ನು ಮೆಲ್ಲಗೆ ಸುರಿದಳು. ಆಚೆ ದಡ ನೋಡುತ್ತಾ ನಿಂತುಬಿಟ್ಟಳು. ಸೋಮೇಶ್ವರದಲ್ಲಿ ಒಂದೇ ನೆಗೆತಕ್ಕೆ ದಾಟಬಹುದಾದ ನೀರು ಇದು. ಇಲ್ಲಿ ಆಗ ದೋಣಿ ಬೇಕಿತ್ತು. "ಎಷ್ಟ್ ದೊಡ್ಡಾಕಿ ಆಗ್ಯಾಳ ನೋಡ" ಅಂದಳು. ಕಣ್ಣು ತುಂಬಿತ್ತು.

ನನ್ನನ್ನು ಹುಬ್ಬಳ್ಳಿಗೆ ಕೊಟ್ಟ ದಿನ ಅವ್ವನ ಮುಖ ಹೀಗೇ ಇತ್ತು. ನದಿಯ ಮುಂದೆ ಅವಳು ಯಾಕೆ ಅತ್ತಳು ಅಂತ ನನಗೆ ಆ ದಿನ ತಿಳಿಯಿತು. ದೇವರ ಹತ್ತಿರ ಬೇಡುವುದಕ್ಕೆ ಹೋಗುವವರು ಇದ್ದಾರೆ. ಅವ್ವ ಹರಕೆ ಮುಗಿದ ಮೇಲೂ ಹೋಗುತ್ತಲೇ ಇದ್ದಳು, ಬೇಡುವುದಕ್ಕೆ ಅಲ್ಲ. ಮಗಳು ಸುಖವಾಗಿದ್ದಾಳಾ ಅಂತ ನೋಡಿ ಬರುವುದಕ್ಕೆ.

ನೀವೂ ತಂಬಿಗೆ ಒಯ್ಯಿರಿ. ಪ್ಲಾಸ್ಟಿಕ್ ಬಾಟಲಿ ಬೇಡ. ಹೂವಿನ ಹಾರ, ಕವರು, ಹಳೆಯ ಬಟ್ಟೆ ಯಾವುದನ್ನೂ ಹೊಂಡಕ್ಕೂ ಹಾಕಬೇಡಿ, ನದಿಗೂ ಹಾಕಬೇಡಿ. ಇಲ್ಲಿ ಎಸೆದದ್ದು ಅವಳ ಜೊತೆ ಅತ್ತೆ ಮನೆಗೆ ಹೋಗುತ್ತದೆ.

ಎರಡು ವರ್ಷದಿಂದ ಅವ್ವನ ಮೊಣಕಾಲು ಘಟ್ಟ ಇಳಿಯಲು ಒಪ್ಪುತ್ತಿಲ್ಲ. ಹೋದ ಕಾರ್ತಿಕದಲ್ಲಿ ತಂಬಿಗೆ ನಾನು ಒಯ್ದೆ. ತಮ್ಮ ಗಾಡಿ ಓಡಿಸಿದ. ಅವ್ವ ಗಂಟು ಕಟ್ಟಿ ಕೊಟ್ಟು ಬಾಗಿಲಲ್ಲಿ ನಿಂತಿದ್ದಳು. ಮರುದಿನ ರಾತ್ರಿ ಮನೆಗೆ ಬಂದಾಗ ಹನ್ನೊಂದು ಗಂಟೆ. ಅವ್ವ ಮಲಗಿರಲಿಲ್ಲ. ಮಹಾಬಲೇಶ್ವರನ ಪ್ರಸಾದ ಕೈಗಿಟ್ಟೆ. ಕಣ್ಣಿಗೆ ಒತ್ತಿಕೊಂಡು ಪಕ್ಕಕ್ಕೆ ಇಟ್ಟಳು.

"ಹೆಂಗದಾಳ?" ಅಂತ ಕೇಳಿದಳು.

"ಆರಾಮ ಅದಾಳ ಅವ್ವ. ನೀರು ಭಾಳ ಐತಿ."

"ಉಡಿಯೊಳಗ ಕೊಬ್ಬರಿ ಹಾಕಿದ್ಯಲ್ಲ, ಮರತಿಲ್ಲಲ್ಲ?"