ಸಿಗಡಿ ಕಾಣುವಷ್ಟು ತೆಳು

ಹಾಂಗ್‌ಕಾಂಗ್‌ನಲ್ಲಿ ತಮ್ಮನ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಡಿಮ್ ಸಮ್ ಎಂಬ ಪುಟ್ಟ ಪುಟ್ಟ ತಿಂಡಿಗಳನ್ನು ಮಾಡುವ ಅಡುಗೆಮನೆಯಲ್ಲೇ ಆಯುಷ್ಯ ಸವೆಸಿ ಈಗ ನಿವೃತ್ತರು. ಕಸುಬು ಬಲ್ಲವರನ್ನು ಅಲ್ಲಿ ಸಿಫೂ ಎಂದು ಕರೆಯುತ್ತಾರೆ. ತಮ್ಮ ಹಾಗೆ ಕರೆಯುತ್ತಿದ್ದ, ನಾನೂ ಹಾಗೇ ಕರೆದೆ. ಊರಿಂದ ಅಕ್ಕ ಬಂದಿದ್ದಾಳೆ, ಸಿಗಡಿ, ಹಂದಿ ಎಲ್ಲ ತಿನ್ನುತ್ತಾಳೆ ಎಂದು ತಿಳಿದದ್ದೇ ಭಾನುವಾರ ಬೆಳಿಗ್ಗೆ ನಮ್ಮನ್ನು ಯಮ್ ಚಾಗೆ, ಅಂದರೆ ಟೀ ಜೊತೆ ಡಿಮ್ ಸಮ್ ತಿನ್ನಲು, ಕರೆದುಕೊಂಡು ಹೋಗುವುದಾಗಿ ಅವರೇ ಹೇಳಿ ಕಳಿಸಿದರು.

"ಅಕ್ಕಾ, ಆರೂವರೆಗೆ ಹೊರಡಬೇಕು. ಲೇಟಾದ್ರೆ ಕೂರೋಕೆ ಜಾಗ ಇರಲ್ಲ," ಎಂದು ತಮ್ಮ ರಾತ್ರಿಯೇ ಎಚ್ಚರಿಸಿದ್ದ.

ಹೋದದ್ದು ಕೌಲೂನ್ ಭಾಗದ ಶಾಮ್ ಶುಯಿ ಪೊಗೆ. ಬಟ್ಟೆ ಅಂಗಡಿಗಳೂ ಹಳೇ ಎಲೆಕ್ಟ್ರಾನಿಕ್ಸ್ ಸಾಮಾನೂ ತುಂಬಿದ ಹಳೆಯ ಬಡಾವಣೆ. ಅಷ್ಟು ಹೊತ್ತಿಗೇ ಟೀ ಹೌಸ್ ಭರ್ತಿಯಾಗಿತ್ತು. ಖಾಲಿ ಮೇಜಿಗಾಗಿ ಯಾರೂ ಕಾಯುವುದಿಲ್ಲ. ದುಂಡು ಮೇಜಿನ ಸುತ್ತ ಎಲ್ಲಿ ಕುರ್ಚಿ ಇದೆಯೋ ಅಲ್ಲಿ, ಗುರುತಿಲ್ಲದವರ ಪಕ್ಕದಲ್ಲೇ ಕೂರುವುದು. ನಮ್ಮ ಮೇಜಿನಲ್ಲಿ ಮೊದಲೇ ಇಬ್ಬರು ಅಜ್ಜಂದಿರಿದ್ದರು. ಒಬ್ಬರು ಕುದುರೆ ರೇಸಿನ ಪುಟದಲ್ಲಿ ಮುಳುಗಿದ್ದರು, ಇನ್ನೊಬ್ಬರು ಸುಮ್ಮನೆ ಟೀ ಹೀರುತ್ತಿದ್ದರು. ಬೆಳಗಿನ ಹೊತ್ತು ಒಂದು ಟೀ, ಎರಡು ತಿಂಡಿ, ಇಷ್ಟರಲ್ಲೇ ಅರ್ಧ ದಿನ ಕಳೆಯುವುದು ಇವರ ಕಾಲದ ರೂಢಿ ಎಂದರು ಸಿಫೂ.

ಮೊದಲು ಬಂದದ್ದು ಪೊ ಲೇ ಟೀ. ಕಪ್ಪು ಬಣ್ಣ, ಮಳೆಯಲ್ಲಿ ನೆನೆದ ನೆಲದ ವಾಸನೆ, ಹಾಲಿಲ್ಲ, ಸಕ್ಕರೆಯಿಲ್ಲ. ಜಿಡ್ಡಿನ ತಿಂಡಿಗೆ ಇದೇ ಸರಿ ಎನ್ನುವುದು ಅಲ್ಲಿಯವರ ಅನುಭವ. ಆಮೇಲೆ ನನ್ನದೂ ಆಯಿತು. ಆದರೆ ಮೊದಲ ಸುತ್ತು ಕುಡಿಯಲಿಕ್ಕಲ್ಲ. ದೊಡ್ಡ ಬೋಗುಣಿಯೊಂದರಲ್ಲಿ ಬಿಸಿ ಟೀ ಸುರಿದು ಬಟ್ಟಲು, ಚಮಚ, ಚಾಪ್‌ಸ್ಟಿಕ್ ಎಲ್ಲವನ್ನೂ ಸಿಫೂ ತಾವೇ ಅದರಲ್ಲಿ ಅದ್ದಿ ತೆಗೆದರು. ಆಮೇಲೆ ನನ್ನ ಬಟ್ಟಲಿಗೆ ಟೀ ಹಾಕಿದರು. ತಮ್ಮ ಎರಡು ಬೆರಳಿಂದ ಮೇಜು ಮೆಲ್ಲಗೆ ತಟ್ಟಿ ತೋರಿಸಿದ, ನಾನೂ ತಟ್ಟಿದೆ. ಅದು ವಂದನೆ. ಚಿಯಾನ್‌ಲೋಂಗ್ ಚಕ್ರವರ್ತಿ ವೇಷ ಮರೆಸಿಕೊಂಡು ತಿರುಗುತ್ತಿದ್ದಾಗ ಪರಿವಾರದವನೊಬ್ಬನಿಗೆ ತಾನೇ ಟೀ ಬಗ್ಗಿಸಿದನಂತೆ. ಅಡ್ಡಬಿದ್ದರೆ ದೊರೆಯ ಗುಟ್ಟು ರಟ್ಟಾಗುತ್ತದೆ, ಅದಕ್ಕೆ ಅವನು ಬೆರಳುಗಳನ್ನೇ ಬಾಗಿಸಿ ನಮಸ್ಕರಿಸಿದನಂತೆ. ಕಥೆ ನಿಜವಿರಲಿ ಬಿಡಲಿ, ಮಾತು ನಿಲ್ಲಿಸದೆ ಕೃತಜ್ಞತೆ ಹೇಳುವ ಈ ಕ್ರಮ ನನಗೆ ಬಹಳ ಹಿಡಿಸಿತು.

ತಿಂಡಿಗಳ ಹೆಸರಿದ್ದ ಚೀಟಿಯಲ್ಲಿ ಸಿಫೂ ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೋದರು. ಬಿದಿರ ಬುಟ್ಟಿಗಳನ್ನು ಗಾಡಿಯಲ್ಲಿ ಪೇರಿಸಿಕೊಂಡು ಮೇಜಿನಿಂದ ಮೇಜಿಗೆ ತಳ್ಳಿಕೊಂಡು ಬರುವುದು ಹಿಂದಿನ ಪದ್ಧತಿ. ಈಗ ಅಂಥ ಜಾಗಗಳು ಕೆಲವೇ. ಗಾಡಿಗಳಿಗೆ ಹೆಸರಾಗಿದ್ದ ವೆಲಿಂಗ್ಟನ್ ಬೀದಿಯ ಲಿನ್ ಹ್ಯೂಂಗ್ ಟೀ ಹೌಸ್ 2022ರಲ್ಲಿ ಬಾಗಿಲು ಹಾಕಿದಾಗ ಊರಿಗೆ ಊರೇ ಮರುಗಿತ್ತಂತೆ. 2024ರಲ್ಲಿ ಅದು ಮತ್ತೆ ತೆರೆಯಿತು ಎನ್ನುವಾಗ ಸಿಫೂ ಮುಖ ಅರಳಿತು.

ಹಾ ಗಾವ್, ಅಂದರೆ ಸಿಗಡಿ ತುಂಬಿದ ಪುಟ್ಟ ಕಡುಬುಗಳ ಬುಟ್ಟಿ ಬಂದಾಗ ಅವರು ನನ್ನ ಕೈ ತಡೆದರು. ತಿನ್ನುವ ಮೊದಲು ನೋಡಬೇಕಂತೆ. ಒಂದನ್ನು ಚಾಪ್‌ಸ್ಟಿಕ್ಕಿನಲ್ಲಿ ಎತ್ತಿ ದೀಪದ ಕಡೆ ಹಿಡಿದರು. ಬಿಳಿ ಹೊದಿಕೆಯೊಳಗೆ ಸಿಗಡಿಯ ಕೆಂಪು ನಸುವಾಗಿ ಕಾಣುತ್ತಿತ್ತು. ನೆರಿಗೆ ಎಣಿಸು ಎಂದರು. ಹತ್ತಕ್ಕಿಂತ ಕಡಿಮೆ ಇದ್ದರೆ ಅವರ ಗುರು ಅದನ್ನು ಬುಟ್ಟಿಗೇ ಇಡಗೊಡುತ್ತಿರಲಿಲ್ಲವಂತೆ.

ಆ ಹೊದಿಕೆಯ ಕಥೆ ಕೇಳಿದ ಮೇಲೆ ಹಾ ಗಾವ್ ನನ್ನ ಪಾಲಿಗೆ ಬರೀ ತಿಂಡಿಯಾಗಿ ಉಳಿಯಲಿಲ್ಲ. ಗೋಧಿ ಹಿಟ್ಟನ್ನು ನಾದಿ, ನೀರಿನಲ್ಲಿ ತೊಳೆತೊಳೆದು ಅಂಟಿನ ಅಂಶವನ್ನೆಲ್ಲ ಬೇರೆ ಮಾಡುತ್ತಾರೆ. ನೀರಿನಡಿ ಉಳಿಯುವ ಬರೀ ಪಿಷ್ಟವೇ ಇದಕ್ಕೆ ಬೇಕಾದದ್ದು. ಅದಕ್ಕೆ ಮರಗೆಣಸಿನ ಪಿಷ್ಟ ಸೇರಿಸಿ, ಕುದಿಯುವ ನೀರು ಹೊಯ್ದು, ಹಂದಿಯ ಕೊಬ್ಬು ಹಾಕಿ ಬಿಸಿಬಿಸಿಯಾಗಿಯೇ ನಾದಬೇಕು. ಬೆಂದರೆ ಪಾರದರ್ಶಕವಾಗುವುದು ಇದರ ಗುಣ, ಅಂಟಿಲ್ಲದ್ದರಿಂದ ಎಳೆದರೆ ಹರಿಯುವುದು ಇದರ ದೋಷ. ಹಾಗಾಗಿ ಚಪಾತಿಯಂತೆ ಲಟ್ಟಿಸುವುದಿಲ್ಲ. ಅಗಲ ಕತ್ತಿಯ ಬದಿಗೆ ಎಣ್ಣೆ ಸವರಿ, ಚಿಕ್ಕ ಉಂಡೆಯ ಮೇಲಿಟ್ಟು ಅದುಮಿ ಒಮ್ಮೆ ತಿರುವಿದರೆ ದುಂಡನೆಯ ಹಾಳೆ. ಒಂದು ಅಂಚು ತೆಳು, ಇನ್ನೊಂದು ಕೊಂಚ ದಪ್ಪ. ನೆರಿಗೆ ಹಿಡಿಯುವುದು ತೆಳುವಾದ ಕಡೆ. ಹಿಟ್ಟು ಆರಿತೋ, ಬಿರುಕು ಬಿಡುತ್ತದೆ. ಸಿಫೂ ತಮ್ಮ ಬೆರಳ ತುದಿಗಳನ್ನು ತೋರಿಸಿದರು. ನುಣುಪಾಗಿ, ಹೊಳೆಯುತ್ತಿದ್ದವು. ಬಿಸಿ ಹಿಟ್ಟು ಮುಟ್ಟಿ ಮುಟ್ಟಿ ಆದದ್ದು.

ಒಳಗಿನ ಸಿಗಡಿಗೂ ಇಷ್ಟೇ ಉಪಚಾರ. ಉಪ್ಪು, ಪಿಷ್ಟ ಹಾಕಿ ಉಜ್ಜಿ, ಹರಿಯುವ ತಣ್ಣೀರಿನಲ್ಲಿ ತೊಳೆದು, ಪಸೆ ಪೂರ್ತಿ ಒರೆಸಿ, ತಣ್ಣಗಿಟ್ಟು ಬಳಸುತ್ತಾರೆ. ಕಚ್ಚಿದಾಗ ಕಟುಂ ಎನ್ನುವುದು ಅದರಿಂದಲೇ. ಕರಾವಳಿಯಲ್ಲಿ ಹುಟ್ಟಿ ಸಿಗಡಿ ತಿಂದೇ ಬೆಳೆದವಳು ನಾನು. ನಮ್ಮಲ್ಲಿ ಖಾರ, ಹುಳಿ, ಕಾಯಿ ಸೇರಿ ಸಿಗಡಿಗೆ ರುಚಿ ಕೊಡುತ್ತವೆ. ಇಲ್ಲಿ ಸಿಗಡಿ ತಾನೇ ಮುಂದೆ ಬಂದು ನಿಲ್ಲುತ್ತದೆ. ಬಿದಿರ ಕಳಲೆಯ ಚೂರು, ಒಂದಿಷ್ಟು ಕೊಬ್ಬು, ಬಿಳಿ ಮೆಣಸು ಅಷ್ಟೇ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ತಪ್ಪು ಮುಚ್ಚಿಡಲು ಎಲ್ಲೂ ಜಾಗವಿಲ್ಲ. ಕ್ಯಾಂಟನೀಸ್ ಅಡುಗೆಯ ಮೇಲೆ ನನಗೆ ಗೌರವ ಹುಟ್ಟಿದ್ದು ಆ ತುತ್ತಿನಲ್ಲಿ.

ಚಾ ಸಿಯು ಬಾವ್ ಎಂಬ ಬನ್ನು ಮೇಲ್ಭಾಗ ಹೂವಿನಂತೆ ಒಡೆದುಕೊಂಡು ಬಂತು. ಹಿಟ್ಟಿಗೆ ಹುದುಗಿನ ಜೊತೆ ಅಮೋನಿಯಂ ಬೈಕಾರ್ಬನೇಟನ್ನೂ ಹಾಕಿ ಜೋರು ಹಬೆಯಲ್ಲಿ ಬೇಯಿಸಿದರೆ ಹಾಗೆ ಬಾಯಿ ಬಿಡುತ್ತದೆ. ಒಳಗೆ ಸಿಹಿ ಬೆರೆತ ಹಂದಿ ಮಾಂಸ. ಹಂದಿ, ಸಿಗಡಿ ತುಂಬಿದ ಸಿಯು ಮಾಯ್ ಎಲ್ಲರೂ ಹೊಗಳುವಷ್ಟು ನನಗೆ ರುಚಿಸಲಿಲ್ಲ. ಲೋ ಬಾಕ್ ಗೋ ಮಾತ್ರ ಎರಡನೇ ತಟ್ಟೆ ಕೇಳಿದೆ: ತುರಿದ ಮೂಲಂಗಿ, ಅಕ್ಕಿ ಹಿಟ್ಟು, ಒಣ ಸಿಗಡಿ ಕಲಸಿ ಹಬೆಯಲ್ಲಿ ಬೇಯಿಸಿ, ಹೋಳು ಮಾಡಿ, ಕಾವಲಿಯ ಮೇಲೆ ಕೆಂಪಗೆ ಸುಟ್ಟದ್ದು. ಕೋಳಿ ಕಾಲನ್ನೂ ತಿಂದೆ. ಎಣ್ಣೆಯಲ್ಲಿ ಕರಿದು, ನೀರಿನಲ್ಲಿ ನೆನೆಸಿ ಚರ್ಮ ಉಬ್ಬಿಸಿ, ಕಪ್ಪು ಸೋಯಾ ಕಾಳಿನ ಜೊತೆ ಬೇಯಿಸಿದ್ದಂತೆ. ಮೂಳೆ ಉಗುಳುವ ತಾಳ್ಮೆ ಇದ್ದವರಿಗೆ ಅದೊಂದು ಸುಖ.

"ನಿಮ್ಮ ಮಕ್ಕಳು ಈ ಕೆಲಸ ಕಲಿತರೇ?" ಎಂದು ತಮ್ಮನ ಮೂಲಕ ಸಿಫೂ ಅವರನ್ನು ಕೇಳಿಸಿದೆ. ಇಲ್ಲವೆಂದು ತಲೆಯಾಡಿಸಿದರು. ನಡುರಾತ್ರಿ ಕಳೆದು ಎರಡು ಮೂರು ಗಂಟೆಗೆ ಶುರುವಾಗುವ ಕೆಲಸ. ಈಗ ಎಷ್ಟೋ ಹೋಟೆಲುಗಳಿಗೆ ಕಾರ್ಖಾನೆಯಿಂದ ಹಿಮಗಟ್ಟಿದ ಡಿಮ್ ಸಮ್ ಬರುತ್ತದೆ, ಹಬೆಯಲ್ಲಿಟ್ಟರೆ ಮುಗಿಯಿತು. ಅವರು ಯಾರನ್ನೂ ದೂರಲಿಲ್ಲ. ನನಗೆ ಮಾತ್ರ ಸಂಕಟವಾಯಿತು. ಯಂತ್ರದ ನೆರಿಗೆ ಒಂದೇ ಅಳತೆಯಲ್ಲಿ ಇರಬಹುದು, ಹೊದಿಕೆ ದಪ್ಪವಾಗಲೇಬೇಕು. ಇಲ್ಲದಿದ್ದರೆ ಅದು ಸಾಗಾಟ ತಾಳುವುದಿಲ್ಲ. ತೆಳುತನಕ್ಕೆ ಮನುಷ್ಯರೇ ಬೇಕು, ಆ ಮನುಷ್ಯರಿಗೆ ತಕ್ಕ ಸಂಬಳವೂ ಬೇಕು.

ಹೊರಗೆ ಬಂದರೆ ಬೀದಿ ತಿಂಡಿಯ ಹೊತ್ತು. ಅಂಗಡಿಯವಳು ಅಕ್ಕಿಯ ಚೂಂಗ್ ಫನ್ ಸುರುಳಿಗಳನ್ನು ಕತ್ತರಿಯಲ್ಲಿ ಚಕಚಕನೆ ಕತ್ತರಿಸಿ, ಸೋಯಾ, ಸಿಹಿ ಸಾಸ್, ಎಳ್ಳಿನ ಸಾಸ್ ಸುರಿದು, ಮೇಲೆ ಹುರಿದ ಎಳ್ಳು ಉದುರಿಸಿ ಕೊಟ್ಟಳು. ಅರಿಶಿನ ಬಣ್ಣದ ಕರಿಯಲ್ಲಿ ಕುದಿಯುವ ಮೀನಿನ ಉಂಡೆಗಳನ್ನೂ ಕಡ್ಡಿಗೆ ಚುಚ್ಚಿಸಿಕೊಂಡೆವು. ಇವೆಲ್ಲ ಒಂದು ಕಾಲಕ್ಕೆ ತಳ್ಳುಗಾಡಿಯಲ್ಲಿ ಸಿಗುತ್ತಿದ್ದವು. 1970ರ ದಶಕದಿಂದ ಸರ್ಕಾರ ಹೊಸ ಪರವಾನಗಿ ಕೊಡುವುದನ್ನು ಬಹುಮಟ್ಟಿಗೆ ನಿಲ್ಲಿಸಿದ್ದರಿಂದ ಗಾಡಿಗಳು ಕರಗಿ, ತಿಂಡಿಗಳು ಅಂಗಡಿ ಸೇರಿದವು.

ಫುಕ್ ವಾ ಬೀದಿಯಲ್ಲಿ ಬಾಕ್ ಟೋಂಗ್ ಗೋ ಕಂಡಿತು. ಅಕ್ಕಿ ಹಿಟ್ಟು, ಸಕ್ಕರೆ, ನೀರು, ಹುದುಗು. ಹುಳಿ ಬರಿಸಿ ಹಬೆಯಲ್ಲಿ ಬೇಯಿಸಿ ತ್ರಿಕೋನವಾಗಿ ಕತ್ತರಿಸಿದ ಬಿಳಿ ತುಂಡುಗಳು. ಗುವಾಂಗ್‌ಡೋಂಗ್‌ನ ಶುಂಡೆ ಸೀಮೆಯ ಲುಂಜಿಯಾವ್ ಇದರ ತವರು. ಮೂಗಿಗೆ ಹಿಡಿದೆ: ರಾತ್ರಿಯಿಡೀ ಉಬ್ಬಿದ ಇಡ್ಲಿ ಹಿಟ್ಟಿನದೇ ವಾಸನೆ! ಕಚ್ಚಿದರೆ ತಣ್ಣಗೆ, ಸಿಹಿ, ಹಿಂದೆಯೇ ಚೂರು ಹುಳಿ. ತಮ್ಮ ದೊಡ್ಡ ಪೊಟ್ಟಣವನ್ನೇ ಕಟ್ಟಿಸಿದ.

ಅಲ್ಲಿಂದ ಮೆಟ್ರೊ ಹಿಡಿದು ಸೆಂಟ್ರಲ್‌ಗೆ, ಲಿಂಡ್‌ಹರ್ಸ್ಟ್ ಟೆರೇಸಿನ ಏರಿನಲ್ಲಿರುವ ತಾಯ್ ಚೋಂಗ್ ಬೇಕರಿಗೆ. 1954ರಲ್ಲಿ ಶುರುವಾದದ್ದು. ಕೊನೆಯ ಬ್ರಿಟಿಷ್ ಗವರ್ನರ್ ಕ್ರಿಸ್ ಪ್ಯಾಟನ್ ಇವರ ಮೊಟ್ಟೆ ಟಾರ್ಟಿಗೆ ಮನಸೋತಿದ್ದು ಊರಿಗೆಲ್ಲ ಗೊತ್ತು. ಬಿಸ್ಕತ್ತಿನಂತೆ ಪುಡಿಯಾಗುವ ತಳ, ಮೇಲೆ ನಡುಗುವ ಹಳದಿ ಕೆನೆ. ಪದರ ಪದರವಾದ ತಳದ ಟಾರ್ಟೇ ನಿಜವಾದದ್ದು ಎನ್ನುವವರೂ ಇದ್ದಾರೆ. ಸಿಫೂ ಆ ಪಂಗಡದವರು. ನನ್ನ ಮತ ಪುಡಿಯಾಗುವುದಕ್ಕೆ. 2014ರಲ್ಲಿ ಹಾಂಗ್‌ಕಾಂಗ್ ಸರ್ಕಾರ ತನ್ನ ಅಮೂರ್ತ ಪರಂಪರೆಯ ಪಟ್ಟಿ ಮಾಡಿದಾಗ ಈ ಟಾರ್ಟನ್ನೂ ಅನಾನಸ್ಸೇ ಇಲ್ಲದ ಅನಾನಸ್ ಬನ್ನನ್ನೂ ಮಾಡುವ ವಿದ್ಯೆ ಅದರಲ್ಲಿ ಸೇರಿತು. ಹಾ ಗಾವ್ ಹಾಳೆ ಅದುಮುವ ಕತ್ತಿಯ ವಿದ್ಯೆಗೂ ಅಷ್ಟೇ ಆದರ ಸಲ್ಲಬೇಕೆಂದು ನಾನು ಹೇಳಿದೆ. ತಮ್ಮ ಅದನ್ನು ದಾಟಿಸಿದಾಗ ಸಿಫೂ ನನ್ನ ಕೈ ಕುಲುಕಿದರು.

"ಬಾಕ್ ಟೋಂಗ್ ಗೋ ಸ್ವಲ್ಪ ಅಮ್ಮನಿಗೆ ತಗೊಂಡು ಹೋಗು ಅಕ್ಕಾ, ನಾಳಿದ್ದು ತಾನೇ ಫ್ಲೈಟು," ಎಂದ ತಮ್ಮ.

ಸಿಫೂಗೆ ವಿಷಯ ತಿಳಿದದ್ದೇ ಕೈ ಅಡ್ಡ ಬೀಸಿದರು. ಹೊರಗಿಟ್ಟರೆ ಹುಳಿ ಏರುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗುತ್ತದೆ, ಇವತ್ತಿನದು ಇವತ್ತೇ ಎಂದರು. ಮೆಟ್ರೊದಲ್ಲಿ ತಿನ್ನುವಂತಿಲ್ಲ. ಆ ಏರಿನಲ್ಲೇ ಒಂದು ಬದಿಗೆ ನಿಂತು ಪೊಟ್ಟಣ ಬಿಚ್ಚಿದೆವು. ಅಮ್ಮನಿಗೆ ಮಾಡಿ ಕೊಡಲು ಅಕ್ಕಿ ಎಷ್ಟು, ಸಕ್ಕರೆ ಎಷ್ಟು, ಎಷ್ಟು ಹೊತ್ತು ಹುದುಗಬೇಕು ಎಂದು ಸಿಫೂ ತಿನ್ನುತ್ತಲೇ ಹೇಳತೊಡಗಿದರು. ತಮ್ಮ ಒಂದೊಂದನ್ನೇ ಕನ್ನಡದಲ್ಲಿ ಹೇಳಿದ. ನಾನು ಅಂಟು ಬೆರಳಲ್ಲೇ ಫೋನಿನಲ್ಲಿ ಬರೆದುಕೊಂಡೆ.