ಉಪ್ಪು, ಹುಳಿ, ಚಾಕು

ಏಪ್ರಿಲ್ ತಿಂಗಳ ಮಧ್ಯಾಹ್ನ ದಾವಣಗೆರೆಯ ಅಡುಗೆಮನೆಯಲ್ಲಿ ನಿಂತು ರೊಟ್ಟಿ ಬಡಿದವರಿಗೆ ಸೆಖೆಯ ವಿವರಣೆ ಬೇಕಿಲ್ಲ. ಮುಂದೆ ಹೆಂಚಿನ ಕಾವು, ಮೇಲೆ ತಾರಸಿಯಿಂದ ಇಳಿಯುವ ಕಾವು. ಬೆಂಗಳೂರಿನಿಂದ ರಜೆಗೆ ಬಂದಿದ್ದ ಸೊಸೆ, "ಅತ್ತೆ, ಈ ಭಾನುವಾರ ಗ್ಯಾಸ್ ಹಚ್ಚುವುದೇ ಬೇಡ, ಎಲ್ಲವನ್ನೂ ಹಸಿಯಾಗಿಯೇ ಮಾಡೋಣ" ಎಂದಾಗ ನಾನು ತಕ್ಷಣ ಒಪ್ಪಿದೆ. ಆರೋಗ್ಯದ ವಿಚಾರ ಆಗ ನನ್ನ ತಲೆಯಲ್ಲಿ ಇರಲೇ ಇಲ್ಲ.

ಅವಳು ಹಸಿ ಆಹಾರದ ತರಬೇತಿಯೊಂದಕ್ಕೆ ಹೋಗಿ ಬಂದವಳು. ನಿಯಮವನ್ನು ಮೊದಲೇ ಹೇಳಿಬಿಟ್ಟಳು: ಯಾವ ಪದಾರ್ಥವೂ ಸುಮಾರು 48 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿರಬಾರದು. ಬೇಯಿಸುವಂತಿಲ್ಲ, ಹುರಿಯುವಂತಿಲ್ಲ, ಒಗ್ಗರಣೆಯ ಮಾತೇ ಇಲ್ಲ. ನಮ್ಮ ಯಜಮಾನರು ಪತ್ರಿಕೆಯ ಹಿಂದಿನಿಂದಲೇ ಚೌಕಾಶಿಗೆ ಇಳಿದರು.

"ಅವಲಕ್ಕಿ ಆಗಬಹುದಲ್ಲಮ್ಮ? ನೆನೆಸಿದರೆ ಸಾಕು."

"ಇಲ್ಲ ಮಾವ. ಭತ್ತವನ್ನು ನೆನೆಸಿ ಹುರಿದ ಮೇಲೆಯೇ ಅವಲಕ್ಕಿ ಕುಟ್ಟುವುದು."

"ಮಂಡಕ್ಕಿ?"

"ಅದು ಕಾದ ಮರಳಿನಲ್ಲಿ ಅರಳಿದ್ದು. ನಿಮ್ಮೂರಿನ ಭಟ್ಟಿಗಳನ್ನು ನೀವೇ ನನಗೆ ತೋರಿಸಿದ್ದೀರಿ."

ಮಂಡಕ್ಕಿಯೂ ಇಲ್ಲದ ಭಾನುವಾರವನ್ನು ದಾವಣಗೆರೆಯವರು ಕಳೆಯುವುದು ಹೇಗೆ ಎಂದು ಗೊಣಗುತ್ತಾ ಅವರು ಪತ್ರಿಕೆಯೊಳಗೆ ಮರಳಿದರು.

ಒಲೆ ಇಲ್ಲವೆಂದರೆ ಕೆಲಸವೂ ಇಲ್ಲವೆಂದು ಯಾರಾದರೂ ಭಾವಿಸಿದ್ದರೆ ಅದನ್ನು ಬಿಟ್ಟುಬಿಡುವುದು ಒಳ್ಳೆಯದು. ಭಾನುವಾರದ ಊಟಕ್ಕೆ ಶುಕ್ರವಾರ ರಾತ್ರಿಯೇ ಹೆಸರುಕಾಳು ನೆನೆಹಾಕಿದ್ದಾಯಿತು. ಶನಿವಾರ ಬೆಳಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಈ ಕಾವಿಗೆ ಸಂಜೆಯೊಳಗೆ ಮೊಳಕೆ ಇಣುಕಿತು. ಅಷ್ಟೇ ಬೇಗ ಲೋಳೆಯೂ ಆಗುತ್ತದೆ, ಹುಳಿ ವಾಸನೆಯೂ ಬರುತ್ತದೆ. ಆದ್ದರಿಂದ ಬೆಳಗ್ಗೆ, ಸಂಜೆ ತೊಳೆಯಬೇಕು, ಮೊಳಕೆ ಬಂದ ಮೇಲೆ ಫ್ರಿಜ್ಜಿನಲ್ಲಿಡಬೇಕು. ಬೆಚ್ಚಗೆ, ಒದ್ದೆಯಾಗಿರುವ ಜಾಗ ಕಾಳಿಗೆ ಹೇಗೆ ಇಷ್ಟವೋ ಬ್ಯಾಕ್ಟೀರಿಯಾಗಳಿಗೂ ಹಾಗೆಯೇ ಇಷ್ಟ. ಬಸುರಿಯರು, ಎಳೆಯ ಮಕ್ಕಳು, ವಯಸ್ಸಾಗಿ ನಿತ್ರಾಣರಾದವರು ಹಸಿ ಮೊಳಕೆಯನ್ನು ತಿನ್ನದಿರುವುದೇ ಮೇಲು ಎಂದು ಸೊಸೆ ಹೇಳಿದಳು. ರಾಜ್ಮಾವನ್ನೂ ಹೀಗೆಯೇ ಮೊಳಕೆ ಕಟ್ಟಬಹುದೇ ಎಂದು ಕೇಳಿದೆ. ಖಂಡಿತ ಕೂಡದಂತೆ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ಅಂಶ ವಾಂತಿ, ಭೇದಿ ತರಿಸುತ್ತದೆ, ಅದನ್ನು ನೆನೆಸಿ ಚೆನ್ನಾಗಿ ಕುದಿಸಲೇಬೇಕು ಎಂದಳು. ಹಸಿ ಆಹಾರದ ಭಕ್ತೆಯ ಬಾಯಲ್ಲಿ "ಕುದಿಸಲೇಬೇಕು" ಎಂಬ ಮಾತು ಕೇಳಿದ ಮೇಲೆ ನನಗೆ ಅವಳ ಪಾಠದ ಮೇಲೆ ನಂಬಿಕೆ ಬಂತು.

ಭಾನುವಾರ ಬೆಳಗ್ಗೆ ಅವಳ ಚೀಲದಿಂದ ಸಾಮಾನು ಹೊರಬಿದ್ದವು: ಪತ್ರಿಕೆಯಲ್ಲಿ ಸುತ್ತಿದ ಚಾಕು, ಅಗಲ ಬಾಯಿಯ ಸಿಪ್ಪೆ ಹೆರೆಯುವ ಪೀಲರ್, ತರಕಾರಿಯನ್ನು ಶಾವಿಗೆಯ ಹಾಗೆ ಎಳೆಯಾಗಿಸುವ ತಿರುಗಣೆ, ತೆಳ್ಳಗೆ ಬಿಲ್ಲೆ ಮಾಡುವ ಸ್ಲೈಸರ್, ಹಾಲು ಸೋಸುವ ಬಟ್ಟೆಯ ಚೀಲ, ಒಂದು ಪುಟ್ಟ ಥರ್ಮಾಮೀಟರ್. ನಾನು ನನ್ನ ಈಳಿಗೆಮಣೆಯನ್ನು ಎಳೆದುಕೊಂಡು ಕುಳಿತೆ.

ಈಳಿಗೆಯ ಮೇಲೆ ನನಗೆ ಅಭಿಮಾನವಿದೆ. ಮಣೆಯನ್ನು ಕಾಲಲ್ಲಿ ಅದುಮಿ ಹಿಡಿದರೆ ಎರಡೂ ಕೈ ಖಾಲಿ, ಕುಂಬಳಕಾಯಿಯಂಥ ಗಟ್ಟಿ ಕಾಯಿಯೂ ಸುಲಭವಾಗಿ ಹೋಳಾಗುತ್ತದೆ. ಆದರೆ ಅಂದು ಕೋಸನ್ನು ಕೂದಲೆಳೆಯಷ್ಟು ಸಣ್ಣಗೆ, ಒಂದೇ ಸಮ ಹೆಚ್ಚಬೇಕಿತ್ತು. ಅದಕ್ಕೆ ಚಾಕುವೇ ಸರಿ ಎಂದು ಒಪ್ಪಿಕೊಳ್ಳಲೇಬೇಕಾಯಿತು. ಚಾಕುವಿನ ಹಿಡಿಯನ್ನಷ್ಟೇ ಹಿಡಿಯದೆ, ಅಲಗಿನ ಬುಡವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಚಿವುಟಿದಂತೆ ಹಿಡಿಯಬೇಕು. ಎಡಗೈ ಬೆರಳ ತುದಿಗಳನ್ನು ಒಳಕ್ಕೆ ಮಡಿಚಿ ಗೆಣ್ಣುಗಳನ್ನು ಅಲಗಿಗೆ ತಾಗಿಸಿಡಬೇಕು, ಆಗ ಉಗುರು ಉಳಿಯುತ್ತದೆ. ಇಷ್ಟು ವರ್ಷ ಅಡುಗೆ ಮಾಡಿದ ಕೈಗೆ ಈ ಪಾಠವೇಕೆಂದು ಒಳಗೊಳಗೇ ಅನಿಸಿತು. ಉತ್ತರ ಬಾಯಿಗೆ ತುತ್ತು ಇಟ್ಟಾಗ ಸಿಕ್ಕಿತು. ಸಾರಿಗೆ ಹಾಕುವ ಬೀನ್ಸ್ ಹೋಳು ದಪ್ಪವಾದರೂ ಬೆಂಕಿ ಅದನ್ನು ಸರಿಮಾಡಿಕೊಂಡು ಹೋಗುತ್ತದೆ. ಹಸಿಯಲ್ಲಿ ದಪ್ಪ ಹೋಳು ಹಲ್ಲಿಗೆ ಬಂದು ದೂರು ಹೇಳುತ್ತದೆ.

ಹೆಚ್ಚಿದ ಕೋಸಿಗೆ ಉಪ್ಪು ಹಾಕಿ ಹಿಟ್ಟು ನಾದುವಂತೆ ನಾದು ಎಂದಳು. ನಾನು ತಡೆದೆ. ನಮ್ಮಲ್ಲಿ ಪಚಡಿಗಾಗಲಿ ಕೋಸಂಬರಿಗಾಗಲಿ ಉಪ್ಪು ಹಾಕುವುದು ಎಲೆಗೆ ಬಡಿಸುವ ಮುಂಚೆ. ಮೊದಲೇ ಹಾಕಿದರೆ ನೀರೊಡೆಯುತ್ತದೆ. ಅವಳಿಗೆ ಬೇಕಾಗಿದ್ದದ್ದು ಆ ನೀರೊಡೆಯುವುದೇ! ಉಪ್ಪು ಕೋಸಿನೊಳಗಿನ ನೀರನ್ನು ಹೊರಗೆಳೆಯುತ್ತದೆ, ಎಳೆಗಳು ಬಾಗುತ್ತವೆ, ಹಸಿ ಕೋಸಿನ ಗಡಸು ಇಳಿಯುತ್ತದೆ. ಅರ್ಧ ಗಂಟೆ ಬಿಟ್ಟು ಹಿಂಡಿದಾಗ ಪಾತ್ರೆಯಲ್ಲಿ ನೀರು, ಕೈಯಲ್ಲಿ ಮೆತ್ತಗಿನ ಕೋಸು. ಅದಕ್ಕೆ ನಿಂಬೆರಸ, ಹಸಿಮೆಣಸಿನಕಾಯಿ, ಕಾಯಿತುರಿ, ಮೊಳಕೆಕಾಳು ಸೇರಿಸಿದೆವು. ಬೆಂಕಿಯಿಲ್ಲದೆ ತರಕಾರಿ ಹೀಗೆ ಹದಕ್ಕೆ ಬರುವುದನ್ನು ನೋಡಿದ್ದೇ ನನಗೆ ಆ ದಿನದ ಸಂಪಾದನೆ.

ಶೇಂಗಾ ಹಾಲಿನ ಬಗ್ಗೆ ಇಷ್ಟು ಹೊಗಳಿಕೆ ಬರುವುದಿಲ್ಲ. ಚಳ್ಳಕೆರೆ ಕಡೆಯ ಒಳ್ಳೆಯ ಬೀಜವೇ ಮನೆಯಲ್ಲಿತ್ತು. ಸುಕ್ಕಾದದ್ದು, ಕಪ್ಪು ಮಚ್ಚೆಯದ್ದು ಆರಿಸಿ ತೆಗೆದೆವು, ಏಕೆಂದರೆ ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ನೆನೆಸಿ, ಸಿಪ್ಪೆ ಉಜ್ಜಿ, ರುಬ್ಬಿ, ಸೋಸಿ, ಶುಂಠಿ ಹಾಕಿದರೂ ಹಸಿ ವಾಸನೆ ಪೂರ್ತಿ ಹೋಗಲಿಲ್ಲ. ಶೇಂಗಾ ಹುರಿಯುವುದಕ್ಕೇ ಹುಟ್ಟಿದ್ದು ಎಂಬುದು ನನ್ನ ತೀರ್ಮಾನ.

ಸಿಹಿಗೆ ನಾನೇ ಸಲಹೆ ಕೊಟ್ಟೆ. ನಾಗರಪಂಚಮಿಗೆ ನಮ್ಮ ಮನೆಯಲ್ಲಿ ಒಲೆಯ ಮೇಲೆ ಹೆಂಚಿಡುವುದಿಲ್ಲ, ಕರಿಯುವುದಿಲ್ಲ, ತರಕಾರಿ ಹೆಚ್ಚುವುದೂ ಇಲ್ಲ. ಹಸಿ ತಂಬಿಟ್ಟು, ಎಳ್ಳಿನ ಚಿಗಳಿಯೇ ನೈವೇದ್ಯ. ಎಳ್ಳನ್ನು ಬೆಲ್ಲದೊಂದಿಗೆ ಒರಳಿನಲ್ಲಿ ಕುಟ್ಟಿದರೆ ಎಣ್ಣೆ ಬಿಟ್ಟುಕೊಂಡು ತಾನೇ ಉಂಡೆಗೆ ಬರುತ್ತದೆ, ತುಪ್ಪ ಬೇಡ. ಸೊಸೆ ಹಿಗ್ಗಿದಳು, ಮರುಕ್ಷಣ ಮುಖ ಸಣ್ಣದು ಮಾಡಿದಳು. ಕಬ್ಬಿನ ಹಾಲನ್ನು ಕುದಿಸಿಯೇ ಬೆಲ್ಲ ಮಾಡುವುದಲ್ಲವೇ? ಬೆಲ್ಲ ಹೋಗಿ ಖರ್ಜೂರ ಬಂತು. "ಈ ಸಲ ನಾಗಪ್ಪನೂ ಖರ್ಜೂರ ತಿನ್ನಬೇಕೇನೋ" ಎಂದರು ಯಜಮಾನರು. ಉಂಡೆ ಮಾತ್ರ ಚೆನ್ನಾಗಿತ್ತು, ಎರಡನೆಯದಕ್ಕೆ ಅವರೇ ಕೈ ಚಾಚಿದರು.

ಟೊಮೆಟೊ ಬಿಲ್ಲೆಗಳನ್ನು ಒಣಗಿಸಲು ತಾರಸಿಗೆ ಒಯ್ದಾಗ ತಮಾಷೆಯೇ ಆಯಿತು. ಸ್ಟೀಲ್ ತಟ್ಟೆಗೆ ಥರ್ಮಾಮೀಟರ್ ತಾಗಿಸಿದರೆ ಐವತ್ತು ದಾಟಿತು. ನಿಯಮದ ಪ್ರಕಾರ ನಮ್ಮೂರಿನ ಬಿಸಿಲೂ ಒಂದು ಒಲೆಯೇ. ತಟ್ಟೆಯನ್ನು ನೆರಳಿಗೆ ಸರಿಸಿ ಬಿಳಿ ಬಟ್ಟೆ ಮುಚ್ಚಿದೆವು. ಅಷ್ಟಕ್ಕೂ ಈ 48ರ ಗೆರೆ ಯಾಕೆ ಎಂದೆ. ಅದಕ್ಕಿಂತ ಬಿಸಿಯಾದರೆ ಆಹಾರದ ಕಿಣ್ವಗಳು ನಾಶವಾಗುತ್ತವೆ ಎಂಬುದು ಹಸಿ ಆಹಾರದವರ ವಾದ. ಆ ಕಿಣ್ವಗಳಲ್ಲಿ ಹೆಚ್ಚಿನವು ಹೊಟ್ಟೆಯ ಆಮ್ಲದಲ್ಲಿ ಹೇಗೂ ಒಡೆದುಹೋಗುತ್ತವೆ ಎಂದೂ ಅವಳೇ ನಗುತ್ತಾ ಸೇರಿಸಿದಳು. ಸಿ ಜೀವಸತ್ವ ಹಸಿಯಲ್ಲೇ ಹೆಚ್ಚು ಉಳಿಯುತ್ತದೆ ನಿಜ. ಆದರೆ ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಎಂಬ ಅಂಶ ಬೇಯಿಸಿದಾಗಲೇ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಹಾಗಿದ್ದರೆ ಗೊಜ್ಜಿನ ಮೇಲೆ ಯಾವ ಆರೋಪವೂ ನಿಲ್ಲುವುದಿಲ್ಲ.

ಸಾಮಾನುಗಳಲ್ಲಿ ತಿರುಗಣೆಗೆ ಪೂರ್ತಿ ಸೊನ್ನೆ. ಅದರಿಂದ ಬಂದ ಸೌತೆಕಾಯಿ ಶಾವಿಗೆ ಬಡಿಸುವಷ್ಟರಲ್ಲಿ ನೀರಿನಲ್ಲಿ ತೇಲುತ್ತಿತ್ತು. ಸ್ಲೈಸರ್ ಮೂಲಂಗಿಗೆ ಬಲು ಚೆನ್ನ, ಆದರೆ ಜೊತೆಗೆ ಬರುವ ಕೈಗಾಪು ಇಲ್ಲದೆ ಮುಟ್ಟಬಾರದು. ಪೀಲರನ್ನು ನಾನು ಹಿಂದಕ್ಕೆ ಕೊಡಲಿಲ್ಲ. ಚಾಕುವನ್ನು ಅವಳೇ ಬಿಟ್ಟುಹೋದಳು. ಮೊಂಡಾದರೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ತಳದ ಒರಟು ಅಂಚಿಗೆ ಮಸೆಯುವುದನ್ನು ಕಲಿಸಿದ್ದಾಳೆ.

ರಾತ್ರಿ ಯಜಮಾನರು ಗಾಳಿಗೆಂದು ಹೊರಟರು. ಬಂದಾಗ ಅಂಗಿಯಿಂದ ಬೆಣ್ಣೆದೋಸೆಯ ವಾಸನೆ ಬರುತ್ತಿತ್ತು, ಯಾರೂ ಕೇಳಲಿಲ್ಲ. ಆದರೆ ಉಪ್ಪಿನಲ್ಲಿ ನಾದಿದ ಕೋಸಿನ ಪಚಡಿ ಈಗ ಅವರ ರೊಟ್ಟಿಗೆ ವಾರದಲ್ಲಿ ಒಮ್ಮೆಯಾದರೂ ಬೇಕು, ಇಂಗು ಸಾಸಿವೆಯ ಒಗ್ಗರಣೆಯ ಸಮೇತ. ಮೊನ್ನೆ ಫೋನಿನಲ್ಲಿ ಹೇಳಿದಾಗ ಸೊಸೆ ಒಗ್ಗರಣೆಯನ್ನು ಕ್ಷಮಿಸಿದಳು. "ಹಿಂಡಿದ ನೀರನ್ನು ಚೆಲ್ಲುತ್ತಿಲ್ಲ ತಾನೇ ಅತ್ತೆ?" ಎಂದಷ್ಟೇ ಕೇಳಿದಳು. ಮಜ್ಜಿಗೆಗೆ ಹಾಕುತ್ತೇನೆ, ಬೇರೆ ಉಪ್ಪು ಬೇಕಾಗುವುದಿಲ್ಲ ಎಂದೆ.