ಬಯರ್ನ್ ಬಿಟ್ಟರೂ ಊರು ಬಿಡದ ಪಾರ್ಕ್

ಜರ್ಮನಿಯ ಮ್ಯೂನಿಕ್‌ಗೆ ಹೋದ ಫುಟ್‌ಬಾಲ್ ಹುಚ್ಚರು ಸೀದಾ ಬಯರ್ನ್ ಮ್ಯೂನಿಕ್ ಕ್ಲಬ್ಬಿನ ಈಗಿನ ಸ್ಟೇಡಿಯಂ ಅಲಿಯಾನ್ಜ್ ಅರೆನಾಗೆ ಓಡುತ್ತಾರೆ. ಕೆಂಪು ಮಫ್ಲರ್ ಕೊಂಡು, ಫೋಟೋ ಹೊಡೆಸಿಕೊಂಡು ವಾಪಸ್. ನನಗೆ ಹಳೇ ಸ್ಟೇಡಿಯಂ ಮೇಲೆ ಕಣ್ಣಿತ್ತು. 1972ರ ಒಲಿಂಪಿಕ್ಸ್‌ಗೆ ಕಟ್ಟಿದ, ಆ ವರ್ಷದಿಂದ 2005ರವರೆಗೆ ಬಯರ್ನ್ ಆಡಿದ ಒಲಿಂಪಿಕ್ ಸ್ಟೇಡಿಯಂ, ಅದರ ಸುತ್ತಲಿನ ಪಾರ್ಕ್. 2024ರ ಸೆಪ್ಟೆಂಬರ್, ಅಲ್ಲಿನ ಬಿಯರ್ ಹಬ್ಬಕ್ಕೆ ಇನ್ನೇನು ಕೆಲವೇ ದಿನ ಇತ್ತು. (ಹಬ್ಬ ಶುರುವಾದರೆ ಹೋಟೆಲ್ ಬಾಡಿಗೆ ಕೇಳಲೇಬೇಡಿ.) ಅಲ್ಲೇ ಓದುತ್ತಿರುವ ಅಕ್ಕನ ಮಗಳು, "ಮಾಮ, ಅಲ್ಲೀಗ ಬಯರ್ನ್ ಮ್ಯಾಚೇ ಇಲ್ವಲ್ಲ, ಏನ್ ನೋಡ್ತೀರಾ?" ಅಂದಳು. ಅಂದರೂ ಜೊತೆಗೆ ಬಂದಳು.

ಯು3 ಮೆಟ್ರೋದಲ್ಲಿ ಒಲಿಂಪಿಯಾಜೆಂಟ್ರುಮ್ ನಿಲ್ದಾಣಕ್ಕೆ ಇಳಿದರೆ ಮೊದಲು ಎದುರಾಗುವುದು ಬಿಎಂಡಬ್ಲ್ಯು ಕಂಪನಿಯ ಕಚೇರಿ, ನಾಲ್ಕು ಸಿಲಿಂಡರ್ ಆಕಾರದ ಕಟ್ಟಡ. ಕಾರಿನ ಆಸೆ ಇದ್ದವರು ಅಲ್ಲೇ ಉಳಿಯಬಹುದು. ನಾವು ಸೇತುವೆ ದಾಟಿದೆವು.

ದಾಟಿದ ಮೇಲೆ ಕಾಣುವುದು ಚಾವಣಿ. ಸ್ಟೇಡಿಯಂ, ಒಳಾಂಗಣ ಕ್ರೀಡಾಂಗಣ, ಈಜುಕೊಳ, ಮೂರರ ಮೇಲೂ ಹಬ್ಬಿಕೊಂಡಿದೆ. ಒಟ್ಟು 74,800 ಚದರ ಮೀಟರ್. ಗ್ಯುಂಟರ್ ಬೆನಿಶ್ ಮತ್ತವರ ತಂಡದ ವಿನ್ಯಾಸ. ಡೇರೆಗಳ ತಜ್ಞ ಫ್ರೈ ಒಟ್ಟೊ ಅದಕ್ಕೆ ಕೈಜೋಡಿಸಿದರು. ಎತ್ತರದ ಉಕ್ಕಿನ ಕಂಬಗಳು, ಅವುಗಳಿಂದ ಎಳೆದು ಕಟ್ಟಿದ ಉಕ್ಕಿನ ಹಗ್ಗದ ಬಲೆ, ಬಲೆಯ ಮೇಲೆ ಅಕ್ರಿಲಿಕ್ ಹಾಳೆ. ಜಾತ್ರೆಯ ಡೇರೆಯನ್ನು ಯಾರೋ ಬಿಚ್ಚುವುದನ್ನೇ ಮರೆತು ಐವತ್ತು ವರ್ಷ ಆಯಿತು ಅನ್ನುವ ಹಾಗೆ ನಿಂತಿದೆ. ಅಂಚು ತಗ್ಗಿಗೆ ಬರುವ ಕಡೆ ನಿಂತು ನೋಡಿದೆ. ಹಾಳೆಯಿಂದ ಹಾಳೆಗೆ ಸಂದು ಮುಚ್ಚಲು ಕಪ್ಪು ರಬ್ಬರ್ ಪಟ್ಟಿ ಹಾಕಿದ್ದಾರೆ. ಹಗ್ಗ ಹಗ್ಗ ಸೇರುವಲ್ಲೆಲ್ಲ ಬೋಲ್ಟ್ ಬಿಗಿದ ಹಿಡಿ. ದೂರದಿಂದ ಹಗುರ ಕಾಣುವುದು, ಹತ್ತಿರ ಹೋದರೆ ಶುದ್ಧ ಕಬ್ಬಿಣದ ಕೆಲಸ.

ಚಾವಣಿ ಪಾರದರ್ಶಕ ಆಗಿರುವುದಕ್ಕೆ ಟಿವಿಯೂ ಒಂದು ಕಾರಣ. ಆಗ ಕಲರ್ ಪ್ರಸಾರ ಹೊಸದು. ಅರ್ಧ ಮೈದಾನಕ್ಕೆ ನೆರಳು ಬಿದ್ದರೆ ಕ್ಯಾಮೆರಾಗೆ ಕಷ್ಟ. ಇನ್ನೊಂದು ಕಾರಣ 1936ರ ಬರ್ಲಿನ್ ಒಲಿಂಪಿಕ್ಸ್. ಹಿಟ್ಲರ್ ಕಾಲದ ಆ ಕಲ್ಲಿನ ಗತ್ತಿನ ಸ್ಟೇಡಿಯಂ ನೆನಪಾಗದಂಥದ್ದನ್ನು ಕಟ್ಟಬೇಕು ಅಂತ ಪಶ್ಚಿಮ ಜರ್ಮನಿಗೆ ಆಸೆ ಇತ್ತು.

ಟಿಕೆಟ್ ತಗೊಂಡು ಸ್ಟೇಡಿಯಂ ಒಳಗೆ ಹೋದೆವು. ಹಸಿರು ಸೀಟುಗಳ ಸಾಲು ಇಳಿಜಾರಿನಲ್ಲಿ ಕೆಳಕ್ಕೆ ಹೋಗುತ್ತದೆ. ಬಯರ್ನ್ ಯಾಕೆ ಬಿಟ್ಟು ಹೋಯಿತು ಅನ್ನುವುದು ಕೂತ ಕೂಡಲೇ ಗೊತ್ತಾಯಿತು. ಸುತ್ತ ಓಟದ ಟ್ರ್ಯಾಕ್, ಆಚೆ ಎಲ್ಲೋ ಮೈದಾನ. ನಮ್ಮ ಬೆಂಗಳೂರಿನ ಕಂಠೀರವದಲ್ಲಿ ಫುಟ್‌ಬಾಲ್ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಗೋಲಿನ ಹಿಂದೆ ಕೂತರೆ ಎದುರು ಗೋಲಿನಲ್ಲಿ ಏನಾಯಿತು ಅಂತ ಪಕ್ಕದವರನ್ನು ಕೇಳಬೇಕು.

ಆದರೂ ಎಂಥ ಆಟಗಳು ನಡೆದಿವೆ ಇಲ್ಲಿ! 1974ರ ವಿಶ್ವಕಪ್ ಫೈನಲ್, ಪಶ್ಚಿಮ ಜರ್ಮನಿ ಎದುರು ನೆದರ್ಲೆಂಡ್ಸ್. ಶುರುವಾಗಿ ಜರ್ಮನ್ನರ ಕಾಲಿಗೆ ಚೆಂಡು ತಾಗುವ ಮೊದಲೇ ನೆದರ್ಲೆಂಡ್ಸಿನ ಕ್ರೈಫ್ ನುಗ್ಗಿ ಹೋದರು, ಜರ್ಮನ್ನರು ಅವರನ್ನು ಬೀಳಿಸಿದರು, ನೀಸ್ಕೆನ್ಸ್ ಪೆನಾಲ್ಟಿಯಲ್ಲಿ ಗೋಲು ಹೊಡೆದರು. ಆದರೂ ನೆದರ್ಲೆಂಡ್ಸ್ ಸೋತಿತು. ಜರ್ಮನಿಯ ಬ್ರೈಟ್ನರ್ ಪೆನಾಲ್ಟಿಯಲ್ಲಿ ಸಮ ಮಾಡಿದರೆ, ಇದೇ ಮೈದಾನ ಮನೆಯಂತಿದ್ದ ಗೆರ್ಡ್ ಮ್ಯುಲರ್ ಗೆಲುವಿನ ಗೋಲು ಹೊಡೆದರು. 2-1. 1988ರಲ್ಲಿ ಇಲ್ಲೇ ಡಚ್ಚರ, ಅಂದರೆ ನೆದರ್ಲೆಂಡ್ಸಿನವರ, ಸೇಡು ತೀರಿತು, ಅರ್ಧದಷ್ಟಾದರೂ. ಯೂರೋ ಫೈನಲ್‌ನಲ್ಲಿ ಸೋವಿಯತ್ ತಂಡದ ಮೇಲೆ ವಾನ್ ಬಾಸ್ಟನ್ ಹೊಡೆದ ಆ ವಾಲಿ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆದ ಹೊಡೆತ) ಯಾವ ಬದಿಯಿಂದ ಬಂತು ಅಂತ ನಾನು ಬೆರಳು ತೋರಿಸಿ ವಿವರಿಸುತ್ತಿದ್ದರೆ ಅಕ್ಕನ ಮಗಳು ಫೋನ್ ನೋಡುತ್ತಿದ್ದಳು.

ನಮ್ಮವರೂ ಈ ಪಾರ್ಕಿನಲ್ಲಿ ಆಡಿದ್ದಾರೆ. 1972ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಭಾರತದ ಹಾಕಿ ತಂಡದಲ್ಲಿ ಕೊಡಗಿನ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಇಬ್ಬರೂ ಇದ್ದರು. ಸೆಮಿಫೈನಲ್‌ನಲ್ಲಿ ಪಾಕಿಸ್ತಾನದ ಎದುರು ಸೋತು, ಆಮೇಲೆ ನೆದರ್ಲೆಂಡ್ಸನ್ನು ಸೋಲಿಸಿ ತಂದ ಪದಕ.

ಅದೇ ಒಲಿಂಪಿಕ್ಸ್‌ನ ಸೆಪ್ಟೆಂಬರ್ 5ರ ದಾಳಿಯಲ್ಲಿ ಇಸ್ರೇಲ್ ತಂಡದ 11 ಜನ ಆಟಗಾರರು, ತರಬೇತುದಾರರು ಮತ್ತು ತೀರ್ಪುಗಾರರು, ಒಬ್ಬ ಜರ್ಮನ್ ಪೊಲೀಸ್ ಸತ್ತರು. ಒಂದು ದಿಬ್ಬವನ್ನು ಕೊರೆದು 2017ರಲ್ಲಿ ಸ್ಮಾರಕ ಮಾಡಿದ್ದಾರೆ. ಹನ್ನೆರಡೂ ಜನರ ಬದುಕಿನ ಕಥೆ ಅಲ್ಲಿದೆ. ನಾವಿಬ್ಬರೂ ಪೂರ್ತಿ ಓದಿದೆವು. ಸ್ಮಾರಕಕ್ಕೆ ಸ್ವಲ್ಪ ದೂರದಲ್ಲೇ ಕ್ರೀಡಾಗ್ರಾಮ. ಆಗ ಮಹಿಳಾ ಕ್ರೀಡಾಪಟುಗಳಿದ್ದ ಕಡೆ ಈಗ ವಿದ್ಯಾರ್ಥಿಗಳ ಪುಟ್ಟ ಪುಟ್ಟ ಮನೆಗಳು. ಗೋಡೆಗೆ ಅವರವರಿಗೆ ಇಷ್ಟ ಬಂದ ಚಿತ್ರ.

ನನಗೆ ಜಾಸ್ತಿ ಹಿಡಿಸಿದ್ದು ಗುಡ್ಡ. ಯುದ್ಧದಲ್ಲಿ ಬಾಂಬ್ ಬಿದ್ದು ಉರುಳಿದ ಮ್ಯೂನಿಕ್ ಮನೆಗಳ ಇಟ್ಟಿಗೆ, ಗಾರೆಯನ್ನೆಲ್ಲ ತಂದು ಸುರಿದ ಜಾಗ ಇದು. ಅದರ ಮೇಲೆ ಮಣ್ಣು ಹಾಕಿ ಹುಲ್ಲು ಬೆಳೆಸಿದರು. ಪಾರ್ಕ್ ಮಾಡಿದ ಗ್ಯುಂಟರ್ ಗ್ಶಿಮೆಕ್ ಅವರ ಪ್ರಕಾರ, ಹುಲ್ಲಿರುವುದೇ ಜನ ನಡೆಯಲಿ, ಕೂರಲಿ, ಮಲಗಲಿ ಅಂತ. ಜನ ಹಾಗೇ ಮಾಡುತ್ತಾರೆ. ನಾವು ಹೋದಾಗ ಮಕ್ಕಳು ಉರುಳಾಡುತ್ತಿದ್ದರು, ಒಬ್ಬ ಅಜ್ಜ ಶರ್ಟ್ ಬಿಚ್ಚಿ ಬಿಸಿಲು ಕಾಯುತ್ತಿದ್ದ. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ಸೀಟಿ ಊದಿರುತ್ತಿದ್ದರು ಅಲ್ವಾ? ಆ ಜುಲೈನಲ್ಲಿ ಟೇಲರ್ ಸ್ವಿಫ್ಟ್ ಹಾಡಿದಾಗ ಟಿಕೆಟ್ ಇಲ್ಲದ ಸಾವಿರಾರು ಜನ ಈ ಗುಡ್ಡ ಹತ್ತಿ ಕೂತಿದ್ದರು. "ನಾನೂ ಇದ್ದೆ ಮಾಮ. ಟಿಕೆಟ್ ಸಿಕ್ಕಿದ್ರೂ ಇಷ್ಟು ಮಜಾ ಬರ್ತಿರ್ಲಿಲ್ಲ" ಅಂದಳು. ಮ್ಯಾಚ್ ಇಲ್ಲದ ಜಾಗದಲ್ಲಿ ಏನು ನೋಡ್ತೀರಾ ಅಂತ ಕೇಳಿದವಳೇ ಇವಳು!

ದಕ್ಷಿಣಕ್ಕೆ ಇಳಿದರೆ ಟಿಮೊಫೈ ಎಂಬ ರಷ್ಯನ್ ಸನ್ಯಾಸಿ ಪರವಾನಗಿ ಇಲ್ಲದೆ ಚರ್ಚ್ ಕಟ್ಟಿಕೊಂಡಿದ್ದ ತೋಟ. ಒಲಿಂಪಿಕ್ಸ್‌ಗಾಗಿ ಅವನನ್ನು ಎಬ್ಬಿಸಲು ನೋಡಿದರು, ಜನ ಬಿಡಲಿಲ್ಲ. ಅಲ್ಲಿ ನಡೆಯಬೇಕಿದ್ದ ಕುದುರೆ ಸ್ಪರ್ಧೆಗಳೇ ಬೇರೆ ಕಡೆ ಹೋದವು. ಒಳಗಿನ ಮಾಡಿಗೆ ಚಾಕೊಲೇಟ್ ಸುತ್ತುವ ಬೆಳ್ಳಿ ಕಾಗದ ಅಂಟಿಸಿದ್ದನಂತೆ. ಆ ಚರ್ಚ್ 2023ರ ಜೂನ್‌ನಲ್ಲಿ ಸುಟ್ಟುಹೋಯಿತು.

ಹೋಗುವವರಿಗೆ ಒಂದೆರಡು ಮಾತು. 291 ಮೀಟರ್ ಎತ್ತರದ ಗೋಪುರ ನಾವು ಹೋದಾಗ ದುರಸ್ತಿಗೆ ಮುಚ್ಚಿತ್ತು, ವಿಚಾರಿಸಿಕೊಂಡು ಹೋಗಿ. ಈಜುಡುಗೆ ಮರೆಯಬೇಡಿ. 1972ರಲ್ಲಿ ಅಮೆರಿಕದ ಈಜುಗಾರ ಮಾರ್ಕ್ ಸ್ಪಿಟ್ಜ್ 7 ಚಿನ್ನ ಗೆದ್ದ ಕೊಳದಲ್ಲಿ ದುಡ್ಡು ಕೊಟ್ಟರೆ ಯಾರು ಬೇಕಾದರೂ ಈಜಬಹುದು. ಅಲಿಯಾನ್ಜ್ ಅರೆನಾ ನೋಡಲೇಬೇಕು ಅಂದರೆ ಯು3 ಹಿಡಿದು ಮ್ಯುಂಶ್ನರ್ ಫ್ರೈಹೈಟ್‌ನಲ್ಲಿ ಇಳಿದು, ಯು6 ಹತ್ತಿ ಫ್ರ್ಯೋಟ್‌ಮಾನಿಂಗ್‌ಗೆ ಹೋಗಿ. ಮಫ್ಲರ್ ಅಲ್ಲಿ ಸಿಗುತ್ತದೆ.